ದುಡಿಯಲಾರದವರ ಪಟ್ಟಿ

ಜನವರಿ 13, ಸೋಮವಾರ. ಬೆಳಿಗ್ಗೆ 6.30

ಅಜ್ಜಿ ಹೊರಟಳು. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಈರುಳ್ಳಿ. ಟವೆಲ್ಲಿನಲ್ಲಿ ಗಂಟು. ಬಾಗಿಲಲ್ಲಿ ನಿಂತು ದಿನದ ಮಾತು: "ಏಳಲೇ ಸಾಮ್ರಾಟ, ಹೊತ್ತು ನೆತ್ತಿಗಿ ಬಂತು." ನೆತ್ತಿಗೆಲ್ಲಿ ಬಂತು? ಸಿರುಗುಪ್ಪದ ಮೇಲೆ ಇನ್ನೂ ಮಂಜು.

ಆಧಾರ್ ಪ್ರಕಾರ ಅವಳಿಗೆ ಎಪ್ಪತ್ತನಾಲ್ಕು. ನನಗೆ ಇಪ್ಪತ್ತಮೂರು, ಬಿ.ಎ. ಆಗಿದೆ. ಅವಳು ಬರಿಗಾಲಲ್ಲಿ ಮಿಲ್ಲಿಗೆ ನಡೆದು ಹೋಗುವುದನ್ನು ನಾನು ಹಾಸಿಗೆಯಿಂದ ನೋಡಿದೆ. ಈ ನಾಚಿಕೆ ಬರೆದಿಡಬೇಕು. ಮರೆಯಬಾರದು.

ನಿನ್ನೆ ಮಧ್ಯಾಹ್ನ ಚಿದಾನಂದಪ್ಪನವರ ಮಿಲ್ಲಿಗೆ ಹೋಗಿದ್ದೆ. ಹಿಂದುಗಡೆ ದೊಡ್ಡ ಸಿಮೆಂಟ್ ಕಣ. ಬೇಯಿಸಿದ ಭತ್ತ ಹರಡಿರುತ್ತಾರೆ. ಆರು ಹೆಂಗಸರು ಸಾಲಾಗಿ, ಪಾದ ಎಳೆಯುತ್ತಾ, ಭತ್ತದಲ್ಲಿ ಗೆರೆ ಹೊಡೆಯುತ್ತಾ ನಡೆಯುತ್ತಾರೆ. ಆ ತುದಿಯಿಂದ ಈ ತುದಿ. ತಿರುಗಿ ಮತ್ತೆ. ಕೆಳಗಿನದು ಮೇಲೆ ಬರಬೇಕು, ಎಲ್ಲಕ್ಕೂ ಬಿಸಿಲು ತಾಗಬೇಕು. ಆರರಲ್ಲಿ ಯಾರೂ ಅರವತ್ತರೊಳಗಿನವರಲ್ಲ. ಅಜ್ಜಿ ಎಲ್ಲರ ಮುಂದೆ. ನಡುವೆ ಬಗ್ಗಿ ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾಳೆ. ಅವಳು ಒಣಗಿತು ಅಂದರೆ ಮಾತ್ರ ಗುಡ್ಡೆ ಹಾಕುವುದು. ಹಸಿ ಉಳಿದರೆ ಮುಗ್ಗು, ಹೆಚ್ಚು ಒಣಗಿದರೆ ಮಿಲ್ಲಿನಲ್ಲಿ ನುಚ್ಚು. ಮಾಲೀಕರೂ ಅವಳ ಹಲ್ಲಿಗೆ ಕಾಯುತ್ತಾರೆ.

ನಾನು ಕಂಡದ್ದು ಬೇರೆ. ನೆರಳಿಲ್ಲ. ಕುಡಿಯುವ ನೀರು ರಸ್ತೆಯಾಚೆ. ಸಿಮೆಂಟು ಕಾದು ಪಾದದ ಚರ್ಮ ಮರದ ತೊಗಟೆಯಾಗಿದೆ.

ಮುಪ್ಪು ಅಂದರೆ ವಿಶ್ರಾಂತಿಯ ಹಕ್ಕು. ಈ ಮಾತನ್ನು ಮೂರು ಕರಪತ್ರಗಳಲ್ಲಿ ಓದಿದ್ದೇನೆ, ಅಡಿಗೆರೆ ಎಳೆದಿದ್ದೇನೆ. ಓದಿ ಸುಮ್ಮನಿರುವವನು ಓದದವನಿಗಿಂತ ಕಡೆ.

ನಾಳೆ ಸಂಕ್ರಾಂತಿ. ಕಣಕ್ಕೆ ರಜೆ. ಉಳಿದ ಐದೂ ಮನೆಗೆ ಹೋಗಬೇಕು.


ಜನವರಿ 14. ಸಂಜೆ

ಹೋಗಿ ಬಂದೆ. ಹೆಸರು, ಊರು, ವಯಸ್ಸು, ಆಧಾರ್ ನೋಡಿ ಬರೆದುಕೊಂಡೆ. ಆರೂ ಜನರ ಹುಟ್ಟಿದ ದಿನ ಜನವರಿ ಒಂದು.

ಸತ್ಯಮ್ಮ ಕಬ್ಬು ಅಗಿಯುತ್ತಾ ಕೂತಿದ್ದಳು. ಅಜ್ಜಿಯ ಜೊತೆಗಾತಿ, ಬಾಯಿಬಡಕಿ. "ನಮ್ಮವ್ವ ಎಂಟು ಹಡದಾಳಪ್ಪಾ. ಎಂಟೂ ಜನವರಿ ಒಂದಕ್ಕ ಹಡದಾಳಂತ. ಆಧಾರ್‌ನೋರು ಸುಳ್ಳು ಹೇಳ್ತಾರೇನು?"

"ನಿಮ್ಮ ಖರೇ ವಯಸ್ಸು ಎಷ್ಟು ಸತ್ಯಮ್ಮತ್ತಿ?"

"ಬರಿಯಾವಾ ನನ್ನ ತಲಿ ನೋಡಿದ, ಬರಕೊಂಡ. ಆವತ್ತು ಕರಿ ಬಣ್ಣ ಹಚ್ಚಿದ್ರ ಇವತ್ತು ನಿನ್ನ ಮದುವಿ ಆಗ್ತಿದ್ನಿ."

ನಕ್ಕೆ. ಯಾತಕ್ಕೆ ಬರೆಯುತ್ತೀ ಅಂತ ಕೇಳಿದಳು. ನಿಮ್ಮ ಅನುಕೂಲಕ್ಕೆ ಅಂದೆ. ಅಷ್ಟೇ ಹೇಳಿದೆ. ಅಜ್ಜಿಗೆ ಅಷ್ಟೂ ಹೇಳಲಿಲ್ಲ. ಹೇಳಿದರೆ ಹೆದರುತ್ತಾರೆ. ಹೆದರಿದವರ ಪರವಾಗಿ ಹೆದರದವನು ಮಾತಾಡಬೇಕು.

ರಾತ್ರಿ ಅರ್ಜಿ ಬರೆಯುತ್ತೇನೆ. ಒಳ್ಳೆ ಕೈಬರಹದಲ್ಲಿ. ಹಿಂದೆ ಪಟ್ಟಿ ಲಗತ್ತು.


ಜನವರಿ 17, ಶುಕ್ರವಾರ. ಬಳ್ಳಾರಿ ಬಸ್ಸಿನಲ್ಲಿ, ವಾಪಸ್

ಕೊಟ್ಟೆ! ಸೀಲು ಹಾಕಿಸಿಕೊಂಡೆ. ಕಾರ್ಮಿಕ ಇಲಾಖೆಯ ಕಿಟಕಿಯಲ್ಲಿ ಗುಮಾಸ್ತ ತಲೆ ಎತ್ತಲಿಲ್ಲ. ಎತ್ತುವುದು ಬೇಕಿರಲಿಲ್ಲ, ಸೀಲು ಬಿದ್ದರೆ ಸಾಕು.

ಅಲ್ಲಿಂದ ಕೌಲ್ ಬಜಾರ್‌ಗೆ. ಜೆರಾಕ್ಸ್ ಅಂಗಡಿಯ ಮೇಲೆ, ನಾನು ಓದುವ ಕರಪತ್ರ ಹೊರತರುವ ಹೋರಾಟದ ಬಳಗದ ಗವಿಸಿದ್ದೇಶಣ್ಣನ ರೂಮು. ಅದೇ ಬಳಗದ ಆಫೀಸು, ಅದೇ ಓದುಮನೆ, ಅದೇ ಅಡುಗೆಮನೆ. ಕಿಟಕಿಯಲ್ಲಿ ಗುಡ್ಡ, ಗುಡ್ಡದ ಮೇಲೆ ಕೋಟೆ. ನಕಲು ಓದಿ ಎದ್ದು ನಿಂತು ಕೈ ಕುಲುಕಿದರು. "ಇಂಥಾ ಭಾಷೆ ಬರಿಯೋರು ಬೇಕು ಕಣಪ್ಪಾ ನಮಗೆ. ಮಾರ್ಚ್ ಒಂದಕ್ಕ ಬಂದ್ಬಿಡು. ಪೂರ್ಣಾವಧಿ. ಇಲ್ಲೇ ಮಲಗು, ಇಲ್ಲೇ ಓದು. ಕರಪತ್ರ ಎಲ್ಲಾ ನೀನೇ ಬರಿ."

ತೆಕ್ಕಲಕೋಟೆ ದಾಟಿತು. ಎರಡೂ ಕಡೆ ಹಸಿರು ಗದ್ದೆ, ಕಾಲುವೆ ನೀರು. ಇಪ್ಪತ್ತಮೂರು ವರ್ಷ ಇದೇ ರಸ್ತೆ. ಇನ್ನು ನಲವತ್ಮೂರು ದಿನ.


ಜನವರಿ 24. ರಾತ್ರಿ

ಅಧಿಕಾರಿ ಬಂದು ಹೋದರಂತೆ. ಜೀಪು, ಇಬ್ಬರು. ಕಣ ನೋಡಿದರು, ಫೋಟೊ ತೆಗೆದರು. ಅಜ್ಜಿ ಊಟ ಮಾಡುತ್ತಾ ಹೇಳಿದಳು: "ಯಾರೋ ಪುಣ್ಯಾತ್ಮ ಅರ್ಜಿ ಹಾಕ್ಯಾನಂತ. ಸಾವ್ಕಾರ ಮೂಗಿನ ಮ್ಯಾಲ ಸಿಟ್ಟು ಇಟ್ಕಂಡು ತಿರುಗಾಕತ್ಯಾನ."

"ಚಲೋ ಆತಲ್ಲ ಅಜ್ಜಿ. ನೆರಳು ಮಾಡಿಸ್ತಾರ."

"ನೆರಳಾಗ ನೆಲ್ಲು ಒಣಗ್ತೈತೇನಲೇ?"

ಅಪ್ಪ ನಕ್ಕ. ದುರುಗಣ್ಣ, ಒಂದು ಕಾಲದ ಭಾಷಣಕಾರ. ನೀಲಿ ಶಾಲು ಹೊದ್ದು ಬೌದ್ಧನಾದವನು, ಮಕ್ಕಳಿಗೆ ಗೌತಮಿ, ಸಾಮ್ರಾಟ್ ಅಂತ ಹೆಸರಿಟ್ಟವನು. ಈಗ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಬಂದು ಸುಮ್ಮನೆ ಉಣ್ಣುತ್ತಾನೆ. ನನ್ನ ಹಾಗೆಯೇ ಇದ್ದನಂತೆ. ಹಾಗಾದರೆ ನಾನು ಹೇಗಾಗಬಾರದು ಎಂಬುದು ಎದುರಿಗೇ ಕೂತಿದೆ.


ಜನವರಿ 28, ಮಂಗಳವಾರ. ಬೆಳಿಗ್ಗೆ 8.40

ಅಜ್ಜಿ ವಾಪಸ್ ಬಂದಳು. ಗಂಟು ಬಿಚ್ಚಿಲ್ಲ. ಒಲೆಯ ಪಕ್ಕ ಕೂತಿದ್ದಾಳೆ. ಕೇಳಿದರೆ ಒಂದೇ ಮಾತು: "ಗೇಟಿಗಿ ಚೀಟಿ ಹಚ್ಯಾರ. ಹೋಗಿ ಓದ್ಕಂಡು ಬಾ."

11.00

ಓದಿ ಬಂದೆ.

ಅರವತ್ತು ದಾಟಿದವರಿಗೆ ಕಣದಲ್ಲಿ ಪ್ರವೇಶವಿಲ್ಲ. ಕೆಳಗೆ ಆರು ಹೆಸರು. ಹೆಸರಿನ ಮುಂದೆ ಊರು, ಅದರ ಮುಂದೆ ವಯಸ್ಸು. ನಾನು ಬರೆದ ಅದೇ ಕ್ರಮ. ಟೈಪ್ ಕೂಡ ಮಾಡಿಸಿಲ್ಲ. ಅಧಿಕಾರಿಯಿಂದ ಸಿಕ್ಕಿರಬೇಕು, ನನ್ನ ಪಟ್ಟಿಯನ್ನೇ ಜೆರಾಕ್ಸ್ ಮಾಡಿ ಅಂಟಿಸಿದ್ದಾರೆ. ನನ್ನ ದುಂಡಗಿನ ಅಕ್ಷರ. ಅಜ್ಜಿಯ ಹೆಸರು 'ಉಚ್ಚೆಂಗೆಮ್ಮ' ಬರೆಯುವಾಗ ವಿಶೇಷ ಮುತುವರ್ಜಿ ವಹಿಸಿದ್ದೆ.

ಗೇಟಿನೊಳಗೆ ತಿಪ್ಪೇಶ. ಹೈಸ್ಕೂಲಿನಲ್ಲಿ ಒಂದೇ ಬೆಂಚು, ಈಗ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ನನ್ನ ನೋಡಿದ. ಚೀಟಿ ನೋಡಿದ. ಮತ್ತೆ ನನ್ನ ನೋಡಿದ. ಆ ಅಕ್ಷರ ಕಾಪಿ ಹೊಡೆದೇ ಅವನು ಎಸ್‌ಎಸ್‌ಎಲ್‌ಸಿ ಪಾಸಾದದ್ದು.


ಜನವರಿ 29

ಇದು ಮಾಲೀಕನ ಕುತಂತ್ರ. ಹಕ್ಕು ಕೇಳಿದರೆ ಕೆಲಸ ಕಿತ್ತುಕೊಳ್ಳುವುದು ಹಳೇ ಆಟ. ತಪ್ಪು ಅವನದು, ಅರ್ಜಿಯದಲ್ಲ.

ಹೀಗೆ ಹತ್ತು ಸಲ ಹೇಳಿಕೊಂಡೆ. ಹತ್ತೂ ಸಲ ಸರಿಯಾಗಿತ್ತು. ಆದರೂ ಅಜ್ಜಿಯ ಮುಖ ನೋಡಲಾಗುತ್ತಿಲ್ಲ.


ಫೆಬ್ರುವರಿ 1, ಶನಿವಾರ

ಟಿ.ವಿ.ಯಲ್ಲಿ ಬಜೆಟ್. ಹಿರಿಯ ನಾಗರಿಕರು, ತೆರಿಗೆ, ಬಡ್ಡಿ, ಅಂಕಿ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. "ನಮ್ಮ ಸುದ್ದಿ ಬಂತೇನು?" ಬರಲಿಲ್ಲ ಅಂದೆ. "ಹಂಗಾರ ಕೆಡಸು. ಕರೆಂಟ್ ದಂಡ."

ಬಳ್ಳಾರಿಯಿಂದ ಅಕ್ಕನ ವಾಟ್ಸ್ಯಾಪ್. ಗೌತಮಿ ನರ್ಸು, ದಿನಕ್ಕೊಂದು ಆರೋಗ್ಯ ಸೂತ್ರ ಕಳಿಸುತ್ತಾಳೆ. 'ಚೆನ್ನಾಗಿ ಮುಪ್ಪಾಗುವುದು ಹೇಗೆ?' ದಿನವೂ ಬರಿಗಾಲಲ್ಲಿ ನಡೆಯಿರಿ. ಬೆಳಗಿನ ಬಿಸಿಲು ತೆಗೆದುಕೊಳ್ಳಿ. ಗೆಳತಿಯರೊಂದಿಗೆ ಕಾಲ ಕಳೆಯಿರಿ. ಹಾಡಿ. ನಗಿ. ಗಟ್ಟಿ ಪದಾರ್ಥ ಅಗಿಯಿರಿ. ನಿಮ್ಮ ಅನುಭವ ಯಾರಿಗಾದರೂ ಉಪಯೋಗವಾಗಲಿ.

ಓದಿದೆ. ಮತ್ತೊಮ್ಮೆ ಓದಿದೆ.

ಫೋನ್ ಮಗುಚಿ ಇಟ್ಟೆ.


ಫೆಬ್ರುವರಿ 5

ದಿನಾ ಹೋಗುತ್ತಾಳೆ. ಅದೇ ಹೊತ್ತು, ಅದೇ ಗಂಟು. ಗೇಟಿನ ಹೊರಗೆ ನಿಲ್ಲುತ್ತಾಳೆ. ಒಳಗೆ ಹೊಸ ಹುಡುಗಿಯರು ಉದ್ದ ಕೋಲಿನ ಹಲಗೆ ಹಿಡಿದು ಭತ್ತ ತಿರುವುತ್ತಾರೆ. ಇವಳು ಹೊರಗಿಂದ ಕೂಗುತ್ತಾಳೆ: "ಏ ಹುಡುಗೀ, ಆ ಮೂಲಿ ಬಿಟ್ಟಿ ನೋಡು!" ವಾಚ್‌ಮನ್ ಓಡಿಸುತ್ತಾನೆ. ರಸ್ತೆಯಾಚೆ ಹೋಗಿ ಅಲ್ಲಿಂದ ಕೂಗುತ್ತಾಳೆ.

ಗವಿಸಿದ್ದೇಶಣ್ಣನ ಫೋನು. ಅಧಿಕಾರಿ ಬಂದದ್ದು ದೊಡ್ಡ ಗೆಲುವಂತೆ. ಅದರ ಬಗ್ಗೆ ಕರಪತ್ರ ಬರಿ ಅಂದರು. "ಆರು ಮಂದಿನ್ನ ತೆಗದಾರ ಅಣ್ಣಾ" ಅಂದೆ. "ಹೋರಾಟ ಅಂದಮ್ಯಾಲೆ ಇರ್ತೈತಪ್ಪಾ. ಅದನ್ನೂ ಬರಿ."

ಅದನ್ನೂ ಬರಿ. ಬರೆಯಲು ಕೂತೆ. 'ಉಚ್ಚೆಂಗೆಮ್ಮ ಎಂಬ ವೃದ್ಧೆ' ಎಂದು ಶುರು ಮಾಡಿ ನಿಲ್ಲಿಸಿದೆ. ಎಂಬ ವೃದ್ಧೆ ಪಕ್ಕದಲ್ಲೇ ಗೋಡೆ ನೋಡುತ್ತಾ ಕೂತಿದ್ದಳು.


ಫೆಬ್ರುವರಿ 9, ಭಾನುವಾರ

ಗೇಟಿನ ಮುಂದೆ ತಲೆ ತಿರುಗಿ ಬಿದ್ದಳು ನಿನ್ನೆ. ಏನೂ ಆಗಿಲ್ಲ, ಮೊಣಕೈ ತರಚಿದೆ. ಹನ್ನೆರಡು ವರ್ಷ ಆ ಕಣದ ಬಿಸಿಲಲ್ಲಿ ನಡೆದು ಬೀಳದವಳು ನಿಂತು ಬಿದ್ದಳು.

ಅಪ್ಪ ತೀರ್ಪು ಕೊಟ್ಟ. ಅಪ್ಪನಿಗೆ ಮಾರುಕಟ್ಟೆ. ಅವ್ವನಿಗೆ ಹಾಸ್ಟೆಲ್ ಅಡುಗೆ, ನಸುಕಿಗೆ ಹೋದರೆ ಬರುವುದು ಸಂಜೆ. "ಇಡೀ ಮನ್ಯಾಗ ಕೆಲಸಿಲ್ಲದಾವ ಒಬ್ಬನಾ. ಇನ್ಮ್ಯಾಲ ಅಜ್ಜಿನ್ನ ನೀನಾ ನೋಡ್ಕ. ಹೊರಗ ಬಿಡಬ್ಯಾಡ."

"ಮಾರ್ಚ್ ಒಂದಕ್ಕ ನಾನು ಬಳ್ಳಾರಿಗಿ..."

"ಬಳ್ಳಾರಿ ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮನೆ ಎರಡು ಕೋಣೆ. ಒಂದು ಕಿಟಕಿ. ಕಿಟಕಿಗೆ ಪಕ್ಕದ ಮನೆಯ ಗೋಡೆ.


ಫೆಬ್ರುವರಿ 10

ಬೆಳಿಗ್ಗೆ 7: ನಾನು ಓದುತ್ತಿದ್ದೇನೆ. ಅಜ್ಜಿ ನನ್ನನ್ನು ನೋಡುತ್ತಿದ್ದಾಳೆ.
9: ಅದೇ.
11.30: "ಅದರಾಗ ಏನೈತಿ?" "ಬಿಡುಗಡೆ ಬಗ್ಗೆ ಐತಿ ಅಜ್ಜಿ." "ಯಾರ್ದು?" "ಎಲ್ಲಾರ್ದು." "ಹೂಂ. ಓದು."
2: ಮಲಗಿದಳು. ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಕಾಲು ಮಾತ್ರ ಅಲುಗುತ್ತಿದ್ದವು. ಒಂದಾದ ಮೇಲೆ ಒಂದು. ನಿದ್ದೆಯಲ್ಲಿ ನಡೆಯುತ್ತಿದ್ದಳು.


ಫೆಬ್ರುವರಿ 12, ಬುಧವಾರ. ರಾತ್ರಿ 9

ಇವತ್ತು ಅಜ್ಜಿ ಕಳೆದುಹೋದಳು.

ನಾನು ನೀರು ಹಿಡಿಯಲು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಇಲ್ಲ. ಮಿಲ್ಲಿನ ಮುಂದಿಲ್ಲ. ಸತ್ಯಮ್ಮನ ಮನೆಯಲ್ಲಿಲ್ಲ. ಕಾಲುವೆ ದಂಡೆ ಉದ್ದಕ್ಕೂ ಓಡಿದೆ. ನೀರು ನೋಡಲು ಧೈರ್ಯ ಬರಲಿಲ್ಲ, ನೋಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಹೇಳಿದಳು, ಬಳ್ಳಾರಿ ಬಸ್ ಹತ್ತಿದಳಂತೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ಸೆರಗಿನಲ್ಲೇ ಇರುತ್ತದೆ.

ಹಿಂದಿನ ಬಸ್ ಹತ್ತಿದೆ. ನನಗೆ ಟಿಕೆಟ್. ಅವಳ ತವರು ಬಾದನಹಟ್ಟಿ ಎಂದು ನೆನಪಾಗಿ ಕ್ರಾಸಿನಲ್ಲಿ ಇಳಿದು ಬೇರೆ ಬಸ್ ಹಿಡಿದೆ. ಬಾದನಹಟ್ಟಿಯಲ್ಲಿ ಯಾರೂ ಕಂಡಿಲ್ಲ ಅಂದರು. ಕೊನೆಗೆ ಸಿಕ್ಕಿದ್ದು ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ. ಕಲ್ಲುಬೆಂಚಿನ ಮೇಲೆ, ಸುತ್ತ ನಾಲ್ಕು ಹೆಂಗಸರು. ರೊಟ್ಟಿ ಹಂಚಿ ತಿನ್ನುತ್ತಿದ್ದಳು. ಒಬ್ಬಳ ಚೀಲದಿಂದ ಭತ್ತದ ಕಾಳು ತೆಗೆದು ಕಡಿದು ನೋಡಿ ಏನೋ ತೀರ್ಪು ಕೊಡುತ್ತಿದ್ದಳು. ಮುಖದಲ್ಲಿ ಹದಿನೈದು ದಿನದಿಂದ ಇಲ್ಲದ ಕಳೆ.

ನನ್ನ ನೋಡಿದ್ದೇ ಕಳೆ ಹೋಯಿತು.

"ಬಂದ ನೋಡ್ರವ್ವ ನನ್ನ ಪೊಲೀಸು."

ಹೆಂಗಸರು ನಕ್ಕರು. ಕಂಡಕ್ಟರ್ ಕೂಡ ನಕ್ಕ. "ಬೆಳಗಿಂದ ಮೂರು ಟ್ರಿಪ್ ಹೊಡದಾಳ್ರೀ ನಿಮ್ಮಜ್ಜಿ. ಹೋಗಾದು ಬರಾದು, ಹೋಗಾದು ಬರಾದು. ಎಲ್ಲಿಗವ್ವಾ ಅಂದ್ರ, ಎಲ್ಲಿಗರ ಕೊಡಪ್ಪಾ ಅಂತಾಳ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಸಿರುಗುಪ್ಪ ಹತ್ತಿರ ಬಂದಾಗ ಒಂದೇ ಮಾತು. "ಕುಂತ್ರೂ ಬಸ್ಸು ನಡೀತೈತಲ್ಲ. ಅದಕ್ಕ ಹತ್ತಿದ್ನಿ."


ಫೆಬ್ರುವರಿ 15, ಶನಿವಾರ

ಇದನ್ನು ಬರೆಯಲು ಮೂರು ಸಲ ಕೂತೆ.

ಇವತ್ತು ಲೈಬ್ರರಿಗೆ ಹೋದೆ. ಆರು ದಿನವಾಗಿತ್ತು ಪೇಪರ್ ನೋಡಿ. ಒಂದೇ ತಾಸು. ಹೋಗುವಾಗ ಹೊರಗಿಂದ ಕೀಲಿ ಹಾಕಿದೆ.

ಹೌದು. ಕೀಲಿ.

ವೃದ್ಧರ ಘನತೆ ಎಂದು ಎರಡು ಪುಟ ಬರೆದ ಕೈ. ಅದೇ ಕೈ ಬೀಗ ಒತ್ತಿತು, ಎಳೆದು ನೋಡಿತು. ಲೈಬ್ರರಿಯಲ್ಲಿ ಏನು ಓದಿದೆನೋ ನೆನಪಿಲ್ಲ. ವಾಪಸ್ ಬಂದು ಬಾಗಿಲು ತೆರೆದೆ. ಕೂಗಾಡಿರುತ್ತಾಳೆ ಅಂದುಕೊಂಡಿದ್ದೆ. ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಳು. ತೆರೆದಾಗ ಹಿಂದಕ್ಕೆ ವಾಲಿದಳು. ಹಿಡಿದುಕೊಂಡೆ. ಇಷ್ಟು ಹಗುರ ಇದ್ದಾಳೆಂದು ಗೊತ್ತಿರಲಿಲ್ಲ.

ಮೇಲೆ ನೋಡಿ ಅಂದಳು, ಮೆಲ್ಲಗೆ: "ಸಾವ್ಕಾರ ಗೇಟು ಹಾಕ್ದ. ನೀನು ಬಾಗ್ಲ ಹಾಕ್ದಿ. ನಾನು ಏನ್ ತಪ್ಪು ಮಾಡೀನಲೇ?"

ಹೇಳಿಬಿಟ್ಟೆ. ಎಲ್ಲ. ಅರ್ಜಿ, ಪಟ್ಟಿ, ಸಂಕ್ರಾಂತಿಯ ದಿನ ಐದು ಮನೆ, ಬಳ್ಳಾರಿಯ ಸೀಲು. ನಿನ್ನ ಸಲುವಾಗಿ ಅಜ್ಜಿ, ನಿನ್ನ ಕಾಲು ನೋಡಿ ಬರೆದೆ ಅಂದೆ. ಅಳಬಾರದೆಂದಿದ್ದೆ.

ಸೆರಗು ಎಳೆದು ಪಾದ ಮುಚ್ಚಿಕೊಂಡಳು. ಆಮೇಲೆ:

"ನನ್ನ ಕೇಳಿದ್ಯಾ?"

ಇಲ್ಲ ಅಂದೆ.

ಎದ್ದಳು. ಒಳಗೆ ಹೋಗಿ ಕೌದಿ ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗಿದಳು.


ಫೆಬ್ರುವರಿ 24, ಸೋಮವಾರ

ಒಂಬತ್ತು ದಿನ. ನನ್ನ ಹತ್ತಿರ ಮಾತಿಲ್ಲ. ಬೇಕಾದದ್ದು ಅವ್ವನ ಮೂಲಕ. "ಆ ಓದಿದಾಂವಗ ಹೇಳು, ನೀರು ಕಾಸಂತ." ನಾನು ಅಲ್ಲೇ ಇರುತ್ತೇನೆ. ಕಾಸುತ್ತೇನೆ.

ಹೊರಗೂ ಹೋಗುತ್ತಿಲ್ಲ. ಬಾಗಿಲು ತೆರೆದೇ ಇದೆ. ಉಣ್ಣುವುದು ಅರ್ಧ ರೊಟ್ಟಿ, ಅದೂ ಸಾರಿನಲ್ಲಿ ನೆನೆಸಿ. ಕಡಿಯುತ್ತಿಲ್ಲ. ಅಕ್ಕ ಬಂದು ಬಿ.ಪಿ. ನೋಡಿದಳು, ನಾಲಿಗೆ ನೋಡಿದಳು. ಎಲ್ಲ ಸರಿ ಇದೆಯಂತೆ. ನನ್ನನ್ನು ಹೊರಗೆ ಕರೆದು ಹೇಳಿದಳು: "ಸರಿ ಇಲ್ಲಲೇ. ಆಸ್ಪತ್ರ್ಯಾಗ ನೋಡಿನಿ ನಾನು. ಗ್ವಾಡಿ ಕಡೆ ತಿರುಗಿದೋರು ಭಾಳ ದಿನ ಇರಂಗಿಲ್ಲ. ಏನರ ಮಾಡು."

ಏನು ಮಾಡಲಿ? ಮಾಡಿದ್ದರಿಂದಲೇ ಇದಾದದ್ದು.

ಅಕ್ಕನಿಗೂ ಹೇಳಿದೆ. ಅಪ್ಪನಿಗೂ. ಅಪ್ಪ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ತುಂಬಾ ಹೊತ್ತು ಬೀಡಿ ಹಿಡಿದು ಕೂತ, ಹಚ್ಚಲಿಲ್ಲ. "ನಾನೂ ಒಮ್ಮಿ ಇಂಥದ್ದಾ ಮಾಡಿದ್ದೆ" ಅಂದ. ಏನು ಅಂತ ಹೇಳಲಿಲ್ಲ. ಎದ್ದು ಹೋದ.


ಫೆಬ್ರುವರಿ 27, ಗುರುವಾರ. ಸಂಜೆ

ತಿಪ್ಪೇಶ ಬಂದಿದ್ದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಮಾತಾಡಿದ.

ಮಿಲ್ಲಿನಲ್ಲಿ ಅಕ್ಕಿ ನುಚ್ಚಾಗುತ್ತಿದೆಯಂತೆ. ತೇವ ಅಳೆಯುವ ಮೀಟರ್ ತಂದಿದ್ದಾರೆ. ಅದು ಒಂದು ಹಿಡಿ ಭತ್ತಕ್ಕೆ ಉತ್ತರ ಕೊಡುತ್ತದೆ, ಇಡೀ ಕಣಕ್ಕಲ್ಲ. ನಡುವೆ ಒಣಗಿರುತ್ತದೆ, ಅಂಚಿನಲ್ಲಿ ಹಸಿ. ಎರಡು ಲೋಡು ಹಾಳು. ಹುಡುಗಿಯರು ಹಲಗೆಯಲ್ಲಿ ಮೇಲೆಮೇಲೆ ಎಳೆಯುತ್ತಾರೆ, ಕಾಲಿಗೆ ಗೊತ್ತಾಗುವುದು ಕೋಲಿಗೆ ಗೊತ್ತಾಗುವುದಿಲ್ಲ.

"ಸಾವ್ಕಾರ್ರು ಉಚ್ಚೆಂಗೆಮ್ಮಜ್ಜಿನ್ನ ಕರೀ ಅಂದಾರ. ಬಾಕಿ ಐದು ಮಂದಿನ್ನೂ ತಗೋತಾರಂತ. ಆದ್ರ ಒಂದು ಕಾಗದ ಬೇಕು."

"ಎಂಥದು?"

ಜೇಬಿನಿಂದ ತೆಗೆದ. ಟೈಪ್ ಮಾಡಿದ್ದು. 'ನಾನು ಸಲ್ಲಿಸಿದ ದೂರು ಸಂಪೂರ್ಣ ಸುಳ್ಳು.' ಕೆಳಗೆ ನನ್ನ ಹೆಸರು. ಸಹಿಗೆ ಜಾಗ.

"ನೀನಾ ಹೇಳಿದ್ಯಾ ಅವ್ರಿಗೆ, ನಾನಾ ಬರದಿದ್ದು ಅಂತ?"

"ಅರ್ಜಿ ಕೆಳಗ ನಿನ್ನ ಹೆಸರೈತಲ್ಲಲೇ. ನಾನ್ಯಾಕ ಹೇಳ್ಲಿ?" ಒಳಗೆ ಇಣುಕಿ, ಸಣ್ಣ ದನಿಯಲ್ಲಿ: "ಸೋಮವಾರ ಒಂಬತ್ತಕ್ಕ ತಗೊಂಡು ಬಾ. ಇಲ್ಲಾಂದ್ರ ರಾಯಚೂರು ಕಡೆಯಿಂದ ಬೇರೆ ಮಂದಿ ಬರ್ತಾರ."

ಅಜ್ಜಿ ಒಳಗೆ ಮಲಗಿದ್ದಳು. ಕೇಳಿಸಿರಬೇಕು. ಹೊರಳಲಿಲ್ಲ.


ಫೆಬ್ರುವರಿ 28. ರಾತ್ರಿ

ಸಹಿ ಹಾಕಿದರೆ: ಅಜ್ಜಿ ಕಣಕ್ಕೆ. ಐದು ಜನ ಕಣಕ್ಕೆ. ನೀರಿಲ್ಲದ್ದು, ನೆರಳಿಲ್ಲದ್ದು ಸುಳ್ಳಾಗುತ್ತದೆ, ನನ್ನ ಕೈಯಿಂದಲೇ. ಮುಂದೆ ಯಾರು ಅರ್ಜಿ ಹಾಕಿದರೂ ಈ ಕಾಗದ ತೋರಿಸುತ್ತಾರೆ.

ಹಾಕದಿದ್ದರೆ: ನಾನು ಸತ್ಯವಂತ. ಅಜ್ಜಿ ಗೋಡೆ ಕಡೆ.

ಗವಿಸಿದ್ದೇಶಣ್ಣನಿಗೆ ಫೋನ್ ಮಾಡಿದೆ. "ಎಂದೂ ಸಹಿ ಹಾಕಬೇಡ. ಅದು ಶರಣಾಗತಿ" ಅಂದರು. ನಾಳೆ ಬಾ, ಹಾಸಿಗೆ ತಗೊಂಡು ಬಾ, ಕಾಯ್ತೀವಿ ಅಂದರು. ಅವರು ಹೇಳಿದ್ದು ಸರಿ. ಅವರ ಅಜ್ಜಿ ಬದುಕಿದ್ದಾರಾ ಎಂದು ಕೇಳಬೇಕೆನಿಸಿತು.


ಮಾರ್ಚ್ 1, ಶನಿವಾರ

ಬಳ್ಳಾರಿಗೆ ಹೋಗಬೇಕಾದ ದಿನ. ಬ್ಯಾಗ್ ಹಾಕಿ ಬಸ್‌ಸ್ಟ್ಯಾಂಡಿಗೆ ಹೋದೆ. ಸುಳ್ಳು ಹೇಳುವುದಿಲ್ಲ, ಹೋದೆ. ಬಸ್ ಬಂತು. ಹೆಂಗಸರೆಲ್ಲ ಹತ್ತಿದರು. ಕಂಡಕ್ಟರ್ ಸೀಟಿ ಊದಿದ.

ಮನೆಗೆ ಬಂದು ಬ್ಯಾಗ್ ಮಂಚದ ಕೆಳಗೆ ತಳ್ಳಿದೆ.


ಮಾರ್ಚ್ 2, ಭಾನುವಾರ

ಐದೂ ಮನೆಗೆ ಹೋದೆ. ಈ ಸಲ ಕೇಳಲು. ಅರ್ಜಿ ಹಾಕಿದ್ದು ನಾನೇ ಎಂದು ಮೊದಲು ಹೇಳಿದೆ. ಒಬ್ಬಳು ಬಾಗಿಲು ಹಾಕಿಕೊಂಡಳು. ಒಬ್ಬಳು ಅತ್ತಳು. ಇನ್ನಿಬ್ಬರು ಒಳಗೆ ಹೋಗಿ ಮನೆಗೆಲಸ ಹಿಡಿದರು, ಅದು ಎಲ್ಲಕ್ಕಿಂತ ಕಷ್ಟ. ಸತ್ಯಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟು ಬೈದಳು. ಓಣಿ ಪೂರಾ ಕೇಳುವಂತೆ.

"ನಮ್ಮ ಅನುಕೂಲಕ್ಕ ಅಂದಿ! ಹೌದಪ್ಪಾ, ಭಾಳ ಅನುಕೂಲಾತು! ಸೊಸಿ ದಿನಾ ನನ್ನ ಮಕ ನೋಡ್ತಾಳ, ನಾನು ಸೊಸಿ ಮಕ ನೋಡ್ತೀನಿ. ನಾಕು ದಿನ ಹೋದ್ರ ಒಬ್ರನ್ನೊಬ್ರು ತಿಂತೀವಿ. ಆ ಪುಣ್ಯಾನೂ ನಿನಗಾ ಬರ್ಲಿ!"

ನಿಂತು ಕೇಳಿದೆ. ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟಳು. "ಕುಡಿ. ಮಕ ನೋಡು, ಹೆಂಗಾಗೈತಿ."

ಕಾಗದದ ವಿಷಯ ಹೇಳಿದೆ. ಸಹಿ ಹಾಕಲೋ ಬೇಡವೋ? "ಅದನ್ನ ನಿಮ್ಮಜ್ಜಿನ್ನ ಕೇಳು" ಅಂದಳು. "ನನ್ನ ಕೇಳಿದ್ರ ನಾನು ಯಾವುದಕ್ಕರ ಹೆಬ್ಬೆಟ್ಟು ಒತ್ತಾಕಿ."

ಮಾತಾಡದವಳನ್ನು ಕೇಳುವುದು ಹೇಗೆ?


ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಬೇಗ ಬರೆಯಬೇಕು.

ಐದಕ್ಕೆ ಎಚ್ಚರವಾಯಿತು. ಕಾಗದ ಮುಂದಿಟ್ಟುಕೊಂಡು ಕೂತೆ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಹಿಂದೆ ಸದ್ದು. ಅಜ್ಜಿ ಎದ್ದು ಬಂದು ಎದುರಿಗೆ ಕೂತಳು. ಕೌದಿ ಹೊದ್ದೇ ಇದ್ದಳು.

"ಓದು ಅದನ್ನ."

ಹದಿನಾರು ದಿನದ ಮೇಲೆ ನನಗೆ ಹೇಳಿದ ಮಾತು. ಓದಿದೆ. ದೂರು ಸಂಪೂರ್ಣ ಸುಳ್ಳು ಎಂಬಲ್ಲಿ ನಿಲ್ಲಿಸಿದೆ.

"ಕಣದಾಗ ನೀರಿಲ್ಲ ಅಂತ ಬರದಿದ್ಯಾ?"

"ಬರದಿದ್ನಿ."

"ಅದು ಸುಳ್ಳೇನು? ಹನ್ನೆರಡು ವರ್ಸ ರಸ್ತಿ ದಾಟೀನಿ ನಾನು ನೀರಿಗಿ. ಕಾಲು ಸುಡ್ತಾವು ಅಂತ ಬರದಿದ್ಯಾ?"

"ಹೂಂ."

"ಸುಳ್ಳೇನು?" ಪಾದ ಮುಂದೆ ಚಾಚಿದಳು. ನೋಡಲಿಲ್ಲ. ನೋಡಬೇಕಾಗಿರಲಿಲ್ಲ. "ಮತ್ತ ಸುಳ್ಳು ಯಾವುದು? ಒಂದೂ ಸುಳ್ಳಿಲ್ಲಂದ್ರ ನಾನ್ಯಾಕ ಮನ್ಯಾಗ ಕುಂತೀನಿ?"

ಅರ್ಜಿಯ ನಕಲು ತೆಗೆದೆ. ಒಂದೊಂದೇ ವಾಕ್ಯ ಓದಿದೆ. ನಿಜ, ನಿಜ ಅನ್ನುತ್ತಾ ಹೋದಳು. ಕಾಳು ಆರಿಸುವ ಹಾಗೆ. ಕೊನೆಯ ಸಾಲು ಬಂತು. ಗವಿಸಿದ್ದೇಶಣ್ಣ ಎದ್ದು ಕೈ ಕುಲುಕಿದ ಸಾಲು. 'ಲಗತ್ತಿಸಿದ ಪಟ್ಟಿಯಲ್ಲಿರುವ ಈ ಅಸಹಾಯಕ ವೃದ್ಧೆಯರಾರೂ ದುಡಿಯಲು ಶಕ್ತರಲ್ಲ.'

"ನಿಂದ್ರಸು" ಅಂದಳು. "ಶಕ್ತರಲ್ಲ ಅಂದ್ರ?"

"ಕೆಲಸ ಮಾಡಾಕ ಆಗಂಗಿಲ್ಲ ಅಂತ."

ಅವಳು ಹೇಳಲಿಲ್ಲ. ನಾನೇ ಹೇಳಿದೆ. "ಇದು ಸುಳ್ಳು ಅಜ್ಜಿ."

"ಹಂಗಾರ ಅದನ್ನ ಬರಿ. ಅದೊಂದನ್ನಾ."

ಟೈಪ್ ಮಾಡಿದ ಕಾಗದ ಪಕ್ಕಕ್ಕಿಟ್ಟೆ. ಹೊಸ ಹಾಳೆ. ಬರೆದದ್ದು ಇಷ್ಟು: ಈ ಆರು ಜನ ದುಡಿಯಲು ಶಕ್ತರಲ್ಲ ಎಂದು ನಾನು ಬರೆದದ್ದು ಸುಳ್ಳು. ಅವರನ್ನು ಕೇಳದೆ ಬರೆದೆ. ನೀರು, ನೆರಳು, ಕಾಲಿನ ಬಗ್ಗೆ ಬರೆದದ್ದು ನಿಜ. ಸಹಿ ಹಾಕಿದೆ. ಇಷ್ಟು ಚಿಕ್ಕದು ನಾನು ಯಾವತ್ತೂ ಬರೆದಿಲ್ಲ. ಒಂದು ಘೋಷಣೆಯೂ ಇಲ್ಲ.

ಎರಡು ಸಲ ಓದಿಸಿದಳು. ಎಡಗೈ ಹೆಬ್ಬೆಟ್ಟು ನೆಕ್ಕಿ ಶಾಯಿ ಕೇಳಿದಳು, ಆದರೆ ಒತ್ತಲಿಲ್ಲ: ಮೊದಲು ಐದು ಮಂದಿಯನ್ನೂ ಕರೆಸಬೇಕು, ತನ್ನದು ಕೊನೆಗಂತೆ.

"ಸಾವ್ಕಾರ ಒಪ್ಪಲಿಕ್ಕಿಲ್ಲ ಅಜ್ಜಿ. ಪೂರಾ ಸುಳ್ಳು ಅಂತ ಬೇಕು ಅವನಿಗೆ."

"ಒಪ್ಪದಿದ್ರ ನುಚ್ಚು ಮಾರ್ಲಿ."

"ನಿನ್ನ ಒಬ್ಬಾಕಿನ್ನ ತಗೊಂಡು ಬಾಕಿಯೋರನ್ನ ಬಿಟ್ರ?"

"ನನಗ ಹಲ್ಲು ಬ್ಯಾನಿ ಅಂತೀನಿ."

ರೊಟ್ಟಿ ಬಡಿಯುತ್ತಿದ್ದಾಳೆ ಈಗ. ಇವತ್ತು ಹಾಸ್ಟೆಲ್ಲಿಗೆ ರಜೆ ಹಾಕಿದ ಅವ್ವನ ಕೈಯಿಂದ ಹಿಟ್ಟು ಕಿತ್ತುಕೊಂಡು.

8.20

ಐವರೂ ಬಂದಿದ್ದಾರೆ. ಬಾಗಿಲು ಹಾಕಿಕೊಂಡಿದ್ದವಳೂ. ಓದಿ ಹೇಳಿದೆ. ಸತ್ಯಮ್ಮ, "ನೀರಿಂದು ಇನ್ನ ದಪ್ಪಗ ಬರೀಬೇಕಿತ್ತು" ಅಂದಳು. ಆರು ಹೆಬ್ಬೆಟ್ಟು ಬಿದ್ದವು. ಹಾಳೆಯ ಕೆಳಗೆ ಜಾಗ ಸಾಲದೆ ಒಂದು ನನ್ನ ಸಹಿಯ ಮೇಲೇ ಬಿದ್ದಿದೆ. ಅಜ್ಜಿಯದು.

ಒಪ್ಪದಿದ್ದರೆ ಮುಂದೇನು ಗೊತ್ತಿಲ್ಲ. ರಾಯಚೂರಿನವರು ಬರುತ್ತಾರೆ. ಇವರು ಮನೆಗೆ ಬರುತ್ತಾರೆ. ನನಗೆ ಬಳ್ಳಾರಿ ಮುಚ್ಚಿತು. ಗವಿಸಿದ್ದೇಶಣ್ಣನ ನಾಲ್ಕು ಮಿಸ್ಡ್ ಕಾಲ್. ಅವರಿಗೆ ಏನು ಹೇಳಲಿ? ಗೆಲುವು ಎನ್ನಲೋ ಸೋಲು ಎನ್ನಲೋ...

ನಾನು ಹಿಂದೆ ಬರುತ್ತೇನೆ ಅಂದೆ. ಅಜ್ಜಿ ಬೇಡ ಅಂದಳು. ಓದಬೇಕಾದವನು ಮುಂದೆ ನಡೆಯಬೇಕಂತೆ, ಗೇಟಿನಲ್ಲಿ ನಿಂತು ಗಟ್ಟಿಯಾಗಿ ಓದಬೇಕಂತೆ, ಸಾವ್ಕಾರ ಕಾಗದ ಇಸಿದುಕೊಳ್ಳುವುದಕ್ಕೆ ಮೊದಲೇ. ಒಳಗಿನ ಹುಡುಗಿಯರಿಗೂ ಕೇಳಿಸಬೇಕಂತೆ ನೀರಿನ ಮಾತು.

ಕೂಗುತ್ತಿದ್ದಾರೆ. "ಬಾರಲೇ, ಬರದಿದ್ದು ಸಾಕು!" ಅವಸರಕ್ಕೆ ಅಕ್ಷರ ದುಂಡಗೆ ಬರುತ್ತಿಲ್ಲ. ಒಂದು ವೇಳೆ ಗೇಟು ತೆರೆಯದಿದ್ದರೆ, ರಸ್ತೆಯಾಚೆ ನಿಂತು ಓದುತ್ತೇನೆ.